ಬಿಸಿಲು ಮಳೆಗೆ ಬಿದ್ದಿದ್ದ ಫಿಶ್ ಟ್ಯಾಂಕ್ ತಗೊಳ್ಳೋಕೆ ಮುಂಚೆ ಮೂಲೆ ನೋಡಿ, ನೀರು ತುಂಬಿಸಿ ನೋಡಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಬೇಸಿಗೆ ರಜೆ ಶುರುವಾದ್ರೆ ಮಕ್ಕಳಿರೋ ಮನೇಲಿ ಮೀನು ಸಾಕೋಣ ಅನ್ನೋ ಮಾತು ಬಂದೇ ಬರುತ್ತೆ, ಹೊಸ ಟ್ಯಾಂಕ್ ರೇಟ್ ಕೇಳಿದ್ಮೇಲೆ ಅಪ್ಪ ಅಮ್ಮ ಸೆಕೆಂಡ್ ಹ್ಯಾಂಡ್ ಹುಡುಕೋಕೆ ಹೊರಡ್ತಾರೆ. ನಿಮ್ಮ ಪೇಪರ್‌ನ ಸಣ್ಣ ಜಾಹೀರಾತಲ್ಲೂ, ಮೈಸೂರು ಮಂಡ್ಯದ ವಾಟ್ಸಾಪ್ ಗ್ರೂಪ್‌ಗಳಲ್ಲೂ 'ಫಿಶ್ ಟ್ಯಾಂಕ್ ಮಾರಾಟಕ್ಕಿದೆ, ಸ್ಟ್ಯಾಂಡ್ ಸಮೇತ, ಗುಡ್ ಕಂಡೀಷನ್' ಅಂತ ಬರ್ತಾನೇ ಇರುತ್ತೆ, ಹೋಗಿ ನೋಡಿದ್ರೆ ಆ ಟ್ಯಾಂಕ್ ತಾರಸಿ ಮೇಲೆ ಸಿಂಟೆಕ್ಸ್ ಪಕ್ಕದಲ್ಲಿರುತ್ತೆ, ಇಲ್ಲಾ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಹತ್ರ ಮಳೆ ಬಿಸಿಲು ತಿನ್ಕೊಂಡು ಬಿದ್ದಿರುತ್ತೆ. ಅಂಥದ್ದನ್ನ ತಗೋಬಹುದಾ ಬೇಡ್ವಾ, ತಗೊಳ್ಳೋದಾದ್ರೆ ಏನು ನೋಡಿ ತಗೋಬೇಕು, ಇದನ್ನ ಕೊಡೋರೂ ಹೇಳಲ್ಲ ತಗೊಳ್ಳೋರೂ ಕೇಳಲ್ಲ. ನಂಗೂ ಯಾರೂ ಹೇಳಿರ್ಲಿಲ್ಲ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ಆದಷ್ಟು ಪೂರ್ತಿ ಹಾಕಿ ಅಂತ ಕೇಳ್ಕೋತೀನಿ.

ನಾನು ಮಂಡ್ಯದಲ್ಲಿ ಟೈಲರ್ ಅಂಗಡಿ ಇಟ್ಕೊಂಡಿದ್ದೀನಿ. ಹೋದ ವರ್ಷ ಮಗಳಿಗೆ ಅಂತ ಮೈಸೂರಲ್ಲಿ ಒಂದು ಮನೆಯಿಂದ ಮೂರಡಿ ಟ್ಯಾಂಕ್ ತಂದೆ. ಮಾರಿದ್ದು ವಯಸ್ಸಾದ ಗಂಡ ಹೆಂಡ್ತಿ, ಮಗ ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದ್ಮೇಲೆ ಮೀನು ಯಾರಿಗೋ ಕೊಟ್ಟು ಟ್ಯಾಂಕ್‌ನ ತಾರಸಿಗೆ ಸಾಗಿಸಿದ್ರಂತೆ, ಮೂರು ವರ್ಷ ಅಲ್ಲೇ ಇತ್ತಂತೆ. ನಾನು ಬರ್ತೀನಿ ಅಂತ ಆ ತಾಯಿ ಗಾಜೆಲ್ಲಾ ಉಜ್ಜಿ ಒರೆಸಿ ಫಳಫಳ ಅನ್ನೋ ಹಾಗೆ ಇಟ್ಟಿದ್ರು, ಕಾಫಿನೂ ಕೊಟ್ರು. ನಾನು ಬಗ್ಗಿ ನೋಡಿದ್ದು ಒಂದೇ, ಗಾಜು ಎಲ್ಲಾದ್ರೂ ಒಡೆದಿದ್ಯಾ ಅಂತ. ಒಡೆದಿರ್ಲಿಲ್ಲ. ಎರಡೂವರೆ ಸಾವಿರ ಕೊಟ್ಟು, ಗೂಡ್ಸ್ ಆಟೋಗೆ ಹಳೇ ಹಾಸಿಗೆ ಹಾಕಿಸಿ, ಮೈಸೂರಿಂದ ಮಂಡ್ಯದವರೆಗೆ 45 ಕಿ.ಮೀ. ಹಿಂದ್ಗಡೆ ನಾನೇ ಟ್ಯಾಂಕ್ ಹಿಡ್ಕೊಂಡು ಕೂತು ಬಂದೆ. ಸಾಯಂಕಾಲನೇ ನೀರು ತುಂಬಿಸಿದ್ವಿ, ಮಾರನೇ ದಿನ ಹತ್ತು ಗಪ್ಪಿ ನಾಲ್ಕು ಮೋಲಿ ತಂದು ಬಿಟ್ವಿ.

ಮೂರನೇ ರಾತ್ರಿ ಎರಡು ಗಂಟೆ ಸುಮಾರಿಗೆ ಅವ್ವ ಬಾತ್ರೂಮಿಗೆ ಅಂತ ಎದ್ದವರು ಹಾಲ್‌ಗೆ ಕಾಲಿಟ್ರೆ ಪಾದ ಒದ್ದೆಯಾಗೋಷ್ಟು ನೀರು, ಸ್ವಿಚ್ ಹಾಕಿದ್ರೆ ಲೈಟ್ ಇಲ್ಲ. ಟ್ಯಾಂಕ್‌ನ ಹಿಂದಿನ ಗಾಜು ತಳದ ಗಾಜಿಗೆ ಅಂಟ್ಕೊಂಡಿರೋ ಜಾಗ ಒಂದು ಗೇಣು ಉದ್ದ ಬಾಯಿ ಬಿಟ್ಟಿತ್ತು. ಪಂಪು, ಲೈಟು ಸಿಕ್ಕಿಸಿದ್ದ ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲೇ ಇತ್ತು, ಅದರ ಮೇಲೂ ನೀರು ಹೋಗಿದೆ. ಎರಡು ವರ್ಷದ ಹಿಂದೆ ವೈರಿಂಗ್ ಮಾಡಿಸೋವಾಗ ಎಲೆಕ್ಟ್ರಿಷಿಯನ್ ಹಟ ಮಾಡಿ ಹಾಕಿಸಿದ್ದ ಇಎಲ್‌ಸಿಬಿ (ಕರೆಂಟ್ ಸೋರಿದ್ರೆ ತಾನಾಗೇ ಕಟ್ ಮಾಡೋ ಸ್ವಿಚ್) ಟ್ರಿಪ್ ಆಗಿ ಕರೆಂಟ್ ಕಟ್ ಆಗಿತ್ತು, ಅದಿಲ್ದೇ ಇದ್ದಿದ್ರೆ ಬರಿಗಾಲಲ್ಲಿ ಆ ನೀರಲ್ಲಿ ನಿಂತಿದ್ದ ಅವ್ವಂಗೆ ಏನಾಗ್ತಿತ್ತೋ, ಅದನ್ನ ಬರೆಯೋಕೂ ಕೈ ಓಡ್ತಿಲ್ಲ. ಮಗಳು ಮೊಬೈಲ್ ಟಾರ್ಚ್ ಹಿಡ್ಕೊಂಡು ಸೋಫಾ ಕೆಳಗಿಂದ, ಚಪ್ಪಲಿ ಸ್ಟ್ಯಾಂಡ್ ಸಂದಿಯಿಂದ ಒಂದೊಂದೇ ಮೀನು ಆರಿಸಿ ಅನ್ನ ಮಾಡೋ ಪಾತ್ರೆಗೆ ಹಾಕ್ತಿದ್ಲು. ಐದು ಉಳಿದ್ವು.

ಬೆಳಿಗ್ಗೆ ಅವ್ವ ಹೇಳಿದ ಮಾತು ಇವತ್ತಿಗೂ ಕಿವೀಲಿದೆ. "ಸಂತೇಲಿ ಮಡಕೆ ತರ್ಬೇಕಾದ್ರೂ ತಟ್ಟಿ ಸದ್ದು ಕೇಳಿ, ಬೆಳಕಿಗೆ ಹಿಡಿದು ನೋಡಿ ತತ್ತಿದ್ವಲ್ಲಪ್ಪ, ಇಷ್ಟು ದೊಡ್ಡ ಗಾಜಿನ ತೊಟ್ಟಿಗೆ ಒಂದು ಚೆಂಬು ನೀರೂ ಉಯ್ದು ನೋಡ್ದೆ ದುಡ್ಡು ಕೊಟ್ಬುಟ್ಯಾ?"

ಮಾರಿದವರ ಮೇಲೆ ನಂಗೆ ಸಿಟ್ಟಿಲ್ಲ. ಅವರಿಗೂ ಗೊತ್ತಿರ್ಲಿಲ್ಲ, ಮನೇಲಿ ಬೇಡದ ಸಾಮಾನು ತಾರಸಿಗೆ ಹಾಕೋದು ಎಲ್ರೂ ಮಾಡೋದೇ. ಆದ್ರೆ ಇನ್ನೊಬ್ರ ಮನೇಲಿ ಹೀಗಾಗ್ಬಾರ್ದು, ಅಲ್ಲಿ ಇಎಲ್‌ಸಿಬಿ ಇರುತ್ತೋ ಇಲ್ವೋ ಯಾರಿಗೆ ಗೊತ್ತು.

ಟ್ಯಾಂಕ್‌ನ ನಮ್ಮೂರಲ್ಲಿ ಗ್ಲಾಸ್ ಕೆಲಸ ಮಾಡೋ ಒಬ್ಬ ಅಣ್ಣನ ಹತ್ರ ತಗೊಂಡ್ಹೋದೆ, ಬಹಳ ವರ್ಷದಿಂದ ಅಕ್ವೇರಿಯಂ ಕಟ್ಟಿ ಕೊಡ್ತಿರೋರು. ಅವರು ಗಾಜಿನ ಕಡೆ ತಿರುಗೂ ನೋಡ್ಲಿಲ್ಲ, ಸೀದಾ ಒಳಗಡೆ ಮೂಲೆಗೆ ಉಗುರು ಹಾಕಿ ಒಂದು ಸಲ ಎಳೆದ್ರು, ಗಾಜು ಅಂಟಿಸೋ ಸಿಲಿಕಾನ್ ಗೋಂದಿನ ಪಟ್ಟಿ ಹಳೇ ಸೆಲೋಟೇಪ್ ಥರ ಎದ್ದು ಬಂತು. "ನೋಡಿ ಸಾ, ಇದು ಅಂಟ್ಕೊಂಡೇ ಇಲ್ಲ, ಸುಮ್ನೆ ಕೂತೈತೆ ಅಷ್ಟೇ" ಅಂದ್ರು. ನಾನು ದಿನಾ ಹೊಲಿಗೆ ನೋಡೋ ಮನುಷ್ಯ, ಬಟ್ಟೆ ಎಷ್ಟೇ ಚೆನ್ನಾಗಿದ್ರೂ ಹೊಲಿಗೆ ಬಿಟ್ರೆ ಅಂಗಿ ಇಲ್ಲ ಅಂತ ಗೊತ್ತಿರೋನು, ಟ್ಯಾಂಕ್ ವಿಷಯದಲ್ಲಿ ಬಟ್ಟೆ ಮಾತ್ರ ನೋಡಿ ಬಂದಿದ್ದೆ.

ನಮ್ಮ ಕಡೆ ಸಿಗೋ ಟ್ಯಾಂಕ್‌ಗಳಲ್ಲಿ ಹೆಚ್ಚಿನವು ಐದು ಗಾಜು ಸೇರಿಸಿ ಮಾಡಿದ್ದು, ತಳ, ಹಿಂದೆ, ಮುಂದೆ, ಎರಡು ಪಕ್ಕ. ಅವನ್ನ ಹಿಡಿದಿರೋದು ಸಿಲಿಕಾನ್ ಒಂದೇ, ಮೊಳೆ ಇಲ್ಲ, ಸ್ಕ್ರೂ ಇಲ್ಲ, ಮೇಲೆ ಕಾಣೋ ಅಲ್ಯೂಮಿನಿಯಂ ಪಟ್ಟಿನೂ ಎಷ್ಟೋ ಸಲ ಅಂದಕ್ಕೆ ಹಾಕಿರೋದು. ಆ ಸಿಲಿಕಾನ್‌ನಲ್ಲೂ ಎರಡು ಇದೆ. ಗಾಜು ಗಾಜು ಕೂಡೋ ಸಂದೀಲಿರೋದು ಒಂದು, ಭಾರ ತಡೆಯೋದು ಅದೇ. ಒಳಗಡೆ ಮೂಲೇಲಿ ಬೆರಳಲ್ಲಿ ಸವರಿ ಬಿಟ್ಟಿರ್ತಾರಲ್ಲ ಆ ಪಟ್ಟಿ ಇನ್ನೊಂದು, ಅದು ಸಂದಿಯ ಅಂಟನ್ನ ಕಾಪಾಡೋಕೆ. ಒಳಗಿನ ಪಟ್ಟಿ ಎದ್ರೆ ರಿಪೇರಿ ಮಾಡ್ಬಹುದು, ಸಂದಿ ಒಳಗಿನದ್ದು ಬಿಟ್ಟಿದ್ರೆ ಟ್ಯಾಂಕ್ ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕು.

ಇನ್ನು ಆ ಅಂಟು ತಡೀಬೇಕಾದ ಭಾರ ಎಷ್ಟು ಅಂತ ನಂಗೆ ಅಂದಾಜೇ ಇರ್ಲಿಲ್ಲ. ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರ ಅಂದ್ರೆ ನಾಲ್ಕೂವರೆ ಘನ ಅಡಿ, ಒಂದು ಘನ ಅಡೀಲಿ ಸುಮಾರು 28 ಲೀಟರ್ ಹಿಡಿಯುತ್ತೆ, ಒಟ್ಟು ಹತ್ತತ್ರ 127 ಲೀಟರ್, ಲೀಟರ್‌ಗೆ ಒಂದು ಕೆ.ಜಿ. ಅಂದ್ರೆ 127 ಕೆ.ಜಿ. ನೀರೇ ಆಯ್ತು. ಎಂಟು ಎಂ.ಎಂ. ಗಾಜಾದ್ರೆ ಗಾಜೇ 28 ಕೆ.ಜಿ. ತೂಗುತ್ತೆ, ಮರಳು ಕಲ್ಲು ಒಂದು ಹದಿನೈದು ಕೆ.ಜಿ., ಎಲ್ಲಾ ಸೇರಿ 170, ಅಂದ್ರೆ 50 ಕೆ.ಜಿ.ಯ ಮೂರು ಮೂಟೆ ಅಕ್ಕಿಗಿಂತ ಜಾಸ್ತಿ ಭಾರ ಹಾಲ್‌ನ ಮೂಲೇಲಿ ಕೂತಿರುತ್ತೆ. ಮುಂದಿನ ಗಾಜೊಂದನ್ನೇ ನೀರು ಒಳಗಿಂದ ಹೊರಗೆ ಸುಮಾರು 95 ಕೆ.ಜಿ. ಬಲದಲ್ಲಿ ತಳ್ತಾ ಇರುತ್ತೆ, ಹಗಲೂ ರಾತ್ರಿ, ಅದರಲ್ಲೂ ಕೆಳಗಡೆನೇ ಒತ್ತಡ ಜಾಸ್ತಿ. ಒಂದು ವಿಷಯ ಗಮನ ಇಟ್ಟು ಓದಿ, ನೀರು ಅರ್ಧ ಎತ್ತರಕ್ಕೆ ಇದ್ರೆ ಗಾಜಿನ ಮೇಲಿನ ತಳ್ಳಾಟ ಅರ್ಧ ಆಗಲ್ಲ, ಕಾಲು ಭಾಗ ಆಗುತ್ತೆ. ಹಾಗಾಗಿ ಮಾರೋರು ಎರಡು ಬಕೆಟ್ ನೀರು ಹಾಕಿ 'ನೋಡಿ ಸೋರಲ್ಲ' ಅಂದ್ರೆ ಅದು ಪರೀಕ್ಷೆನೇ ಅಲ್ಲ.

ಹೊರಗಡೆ ಬಿದ್ದಿದ್ದ ಟ್ಯಾಂಕ್‌ನ ಮೂಲೇಲಿ ಏನು ನೋಡ್ಬೇಕು ಅಂದ್ರೆ, ಹಗಲು ಬೆಳಕಲ್ಲಿ ಹೊರಗಿನಿಂದ, ಗಾಜಿನ ಮೂಲಕ ಸಿಲಿಕಾನ್ ಗೆರೆ ನೋಡಿ. ಚೆನ್ನಾಗಿ ಅಂಟಿದ್ರೆ ಆ ಗೆರೆ ಒಂದೇ ಬಣ್ಣ ಇರುತ್ತೆ, ಗಾಜಿಗೂ ಅದಕ್ಕೂ ಮಧ್ಯೆ ಏನೂ ಕಾಣಲ್ಲ. ಬಿಟ್ಟಿರೋ ಕಡೆ ಬೆಳ್ಳಗೆ ಮಂಜು ಕಟ್ಟಿದ ಹಾಗೆ ಪಟ್ಟೆ ಕಾಣುತ್ತೆ, ಇಲ್ಲಾ ಬೆಳ್ಳಿ ಥರ ಹೊಳೆಯುತ್ತೆ, ಗಾಳಿ ಹೊಕ್ಕಿರೋದು ಅದು. ಎಲ್ಲಕ್ಕಿಂತ ಮುಖ್ಯ ಹಸಿರು ಗೆರೆ. ಪಾಚಿ ಸಿಲಿಕಾನ್ ಮೇಲೆ ಬೆಳೆದಿದ್ರೆ ಪರವಾಗಿಲ್ಲ ಉಜ್ಜಿದ್ರೆ ಹೋಗುತ್ತೆ, ಆದ್ರೆ ಗಾಜಿಗೂ ಸಿಲಿಕಾನ್‌ಗೂ ನಡುವೆ ದಾರದ ಹಾಗೆ ಹಸಿರೋ ಕಪ್ಪೋ ಓಡಿದ್ರೆ ಅಲ್ಲಿ ನೀರು ಹೋಗ್ತಿತ್ತು ಅಂತಲೇ ಅರ್ಥ. ನನ್ನ ಟ್ಯಾಂಕ್‌ನಲ್ಲಿ ಅದು ಇತ್ತು ಸಾರ್, ಹಿಂದಿನ ತಳದ ಮೂಲೇಲಿ ಆರಿಂಚು ಉದ್ದ, ಆ ತಾಯಿ ಎಷ್ಟು ಉಜ್ಜಿದ್ರೂ ಹೋಗದೆ ಉಳಿದಿದ್ದು ಅದೊಂದೇ. ನಾನದನ್ನ ನೋಡಿ ಕೊಳೆ ಅಂದ್ಕೊಂಡು ಸುಮ್ನಾದೆ. ಆಮೇಲೆ ಆ ಅಣ್ಣ ತೋರಿಸಿದ್ರು, ಗೆರೆ ಎಲ್ಲಿ ಶುರುವಾಗಿತ್ತೋ ಬಾಯಿ ಬಿಟ್ಟಿದ್ದೂ ಅಲ್ಲಿಂದಲೇ.

ಆಮೇಲೆ ಮುಟ್ಟಿ ನೋಡಿ. ಒಳ್ಳೇ ಸಿಲಿಕಾನ್ ಒತ್ತಿದ್ರೆ ರಬ್ಬರ್ ಥರ ಒಳಗೆ ಹೋಗಿ ವಾಪಸ್ ಬರುತ್ತೆ. ಗಟ್ಟಿಯಾಗಿ ಕಲ್ಲಿನ ಹಾಗಿದ್ರೆ, ಸುಣ್ಣದ ಪುಡಿ ಥರ ಕೈಗೆ ಹತ್ತಿದ್ರೆ, ಉಗುರಲ್ಲಿ ಅಂಚು ಎದ್ರೆ, ಇಲಿ ಕಡಿದು ತುಂಡಾಗಿದ್ರೆ, ಟ್ಯಾಂಕ್ ಪೂರ್ತಿ ಮತ್ತೆ ಸಿಲಿಕಾನ್ ಮಾಡಿಸೋ ಖರ್ಚು ಸೇರಿಸಿ ಲೆಕ್ಕ ಹಾಕಿ, ಇಲ್ಲಾ ಬಿಟ್ಟು ಬನ್ನಿ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳ್ಬೇಕು. ಬಿಸಿಲಿಗೆ ಇಟ್ರೆ ಸಿಲಿಕಾನ್ ಸತ್ತೇ ಹೋಗುತ್ತೆ ಅಂತ ತುಂಬಾ ಜನ ಹೇಳ್ತಾರೆ, ಅದು ಪೂರ್ತಿ ಸರಿಯಿಲ್ಲ. ಬಿಸಿಲು ತಡೆಯೋದ್ರಲ್ಲಿ ಸಿಲಿಕಾನ್ ಮಾಮೂಲಿ ರಬ್ಬರ್ ಪ್ಲಾಸ್ಟಿಕ್‌ಗಿಂತ ಎಷ್ಟೋ ವಾಸಿ, ಕಟ್ಟಡಗಳ ಗಾಜಿನ ಗೋಡೆಗೂ ಹೊರಗಡೆ ಅದನ್ನೇ ಹಾಕ್ತಾರೆ. ಬಿಸಿಲಿಗೆ ಮೊದಲು ಹೋಗೋದು ಪ್ಲಾಸ್ಟಿಕ್ ಭಾಗ, ಮೇಲಿನ ಫ್ರೇಮು, ಮುಚ್ಚಳ, ಫಿಲ್ಟರ್ ಡಬ್ಬ, ಇವೆಲ್ಲಾ ಹಪ್ಪಳದ ಹಾಗೆ ಆಗಿರುತ್ತೆ. ಗಾಜಿನ ಬದಲು ಅಕ್ರಿಲಿಕ್ (ಗಾಜಿನ ಹಾಗೆ ಕಾಣೋ ಪ್ಲಾಸ್ಟಿಕ್) ಟ್ಯಾಂಕ್ ಆಗಿದ್ರೆ ಮೈಯೆಲ್ಲಾ ಸಣ್ಣ ಸಣ್ಣ ಸೀಳು ಬಿಟ್ಟಿರಬಹುದು, ಅಂಥದ್ದನ್ನಂತೂ ಮುಟ್ಬೇಡಿ. ಗಾಜಿನ ಟ್ಯಾಂಕ್ ಹೊರಗಡೆ ಕೆಡೋದು ಹೆಚ್ಚಾಗಿ ಅದನ್ನ ಇಟ್ಟಿರೋ ರೀತಿಯಿಂದ. ಮೂರು ಇಟ್ಟಿಗೆ ಮೇಲೆ ಓರೆಯಾಗಿ ಕೂರಿಸಿರ್ತಾರೆ, ಒಂದು ಮೂಲೆ ಗಾಳೀಲಿ, ವರ್ಷಗಟ್ಲೆ ಆ ತಿರುಚು ಜಾಯಿಂಟ್ ಮೇಲೇ ಬೀಳುತ್ತೆ. ಒಳಗಡೆ ಹೂಕುಂಡ, ಹಂಚು, ಟೈಲ್ಸ್ ತುಂಬಿರ್ತಾರೆ. ಅದರ ಮೇಲೆ ಏಪ್ರಿಲ್ ಬಿಸಿಲಲ್ಲಿ ಕಾದ ಗಾಜಿಗೆ ಸಾಯಂಕಾಲ ದಪ್ಪ ಹನಿ ಮಳೆ ಬೀಳೋದು, ಹಿಗ್ಗೋದು ಕುಗ್ಗೋದು, ಸಂದೀಲಿ ಧೂಳು ನೀರು ಸೇರೋದು. ಹಾಗಾಗಿ ಎಷ್ಟು ವರ್ಷ ಹೊರಗಿತ್ತು ಅಂತ ಕೇಳೋದರ ಜೊತೆಗೆ ಹೇಗೆ ಇಟ್ಟಿದ್ರಿ, ಏನು ತುಂಬಿದ್ರಿ ಅಂತ ಕೇಳಿ. ನಾನೀಗ ಟ್ಯಾಂಕ್ ನೋಡೋಕೆ ಹೋದ್ರೆ ಅಳತೆ ಟೇಪ್ ಜೇಬಲ್ಲಿರುತ್ತೆ, ಮೇಲಿನ ಬಾಯಿಯನ್ನ ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೀತೀನಿ, ಎರಡೂ ಒಂದೇ ಬರ್ಬೇಕು, ಹೆಚ್ಚು ಕಮ್ಮಿ ಬಂದ್ರೆ ಚೌಕ ತಪ್ಪಿದೆ ಅಂತ.

ಗಾಜಿನ ವಿಷಯ ಬೇಗ ಹೇಳ್ಬಿಡ್ತೀನಿ. ಮೊಬೈಲ್ ಟಾರ್ಚ್‌ನ ಗಾಜಿನ ಅಂಚಿಗೆ ಒತ್ತಿ ಹಿಡಿದ್ರೆ ಕೂದಲೆಳೆ ಬಿರುಕಿದ್ರೂ ಮಿಂಚಿನ ಗೆರೆ ಥರ ಹೊಳೆಯುತ್ತೆ, ಬರೀ ಗೀರಾದ್ರೆ ಹಾಗೆ ಹೊಳೆಯಲ್ಲ. ಮೇಲಿನ ಅಂಚಲ್ಲಿ ಸಣ್ಣ ಚಕ್ಕೆ ಎದ್ದಿದ್ರೆ ನಡೆಯುತ್ತೆ, ತಳದ ಮೂಲೇಲಿ ಅಥವಾ ಜಾಯಿಂಟ್ ಒಳಗೆ ಚಕ್ಕೆ ಎದ್ದಿದ್ರೆ ಬೇಡ. ದಪ್ಪ ಅಳೆಯಿರಿ, ಎರಡಡಿ ಉದ್ದ ಒಂದಡಿ ಎತ್ತರದ್ದಕ್ಕೆ ಐದು ಎಂ.ಎಂ. ಸಾಕು, ಅದೇ ಗಾಜಲ್ಲಿ ಯಾರಾದ್ರೂ ನಾಲ್ಕಡಿ ಟ್ಯಾಂಕ್ ಕಟ್ಟಿದ್ರೆ ಅದು ಟ್ಯಾಂಕ್ ಅಲ್ಲ ಅಪಾಯ. ದೊಡ್ಡ ಟ್ಯಾಂಕ್‌ಗಳಲ್ಲಿ ಬಾಯಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿರ್ತಾರೆ, ಕೈ ಹಾಕೋಕೆ ಅಡ್ಡ ಬರುತ್ತೆ ಅಂತ ಕೆಲವರು ಕಿತ್ತಿರ್ತಾರೆ, ಇಲ್ಲಾ ಸಾಗಿಸೋವಾಗ ಮುರಿದಿರುತ್ತೆ. ಆ ಪಟ್ಟಿ ಇಲ್ದಿದ್ರೆ ನೀರು ತುಂಬಿದ್ಮೇಲೆ ಮುಂದಿನ ಗಾಜು ಹೊಟ್ಟೆ ಬಿಡುತ್ತೆ.

ಬೋರ್‌ವೆಲ್ ನೀರಿನ ಬಿಳಿ ಕಲೆ ನೋಡಿ ಹೆದರ್ಬೇಡಿ, ನಮ್ಮ ಮಂಡ್ಯ ಕಡೆ ಅದಿಲ್ಲದ ಹಳೇ ಟ್ಯಾಂಕೇ ಇಲ್ಲ. ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನ ಅರ್ಧ ಗಂಟೆ ಅಂಟಿಸಿ ಉಜ್ಜಿದ್ರೆ ಬಿಡುತ್ತೆ. ಬಿಡ್ಲಿಲ್ಲ ಅಂದ್ರೆ ಗಾಜೇ ಮಂಕಾಗಿದೆ, ಅದು ವಾಪಸ್ ಬರಲ್ಲ, ಮೀನಿಗೇನೂ ತೊಂದ್ರೆ ಇಲ್ಲ, ನೋಡೋಕೆ ಅಂದ ಇರಲ್ಲ ಅಷ್ಟೇ.

ಮೀನಿಗೆ ತೊಂದ್ರೆ ಆಗೋದು ಬೇರೆಯದ್ರಿಂದ. ಹೊರಗಡೆ ಇಟ್ಟ ಟ್ಯಾಂಕ್ ಅಂದ್ರೆ ಮನೆಯವರ ಕಣ್ಣಲ್ಲಿ ಅದು ಒಂದು ಡಬ್ಬ. ಪೇಂಟ್ ಬ್ರಷ್ ನೆನೆಸಿರ್ತಾರೆ, ಫಿನಾಯಿಲ್ ಆ್ಯಸಿಡ್ ಬಾಟಲಿ ಇಟ್ಟಿರ್ತಾರೆ, ಹಳ್ಳಿ ಮನೇಲಾದ್ರೆ ಗದ್ದೆಗೆ ಹೊಡೆಯೋ ಔಷಧಿ ಕ್ಯಾನು, ಸ್ಪ್ರೇ ಪಂಪು ಅದರೊಳಗೇ ಇರುತ್ತೆ. ಗಾಜು ಅದನ್ನೆಲ್ಲಾ ಹೀರಲ್ಲ, ತೊಳೆದ್ರೆ ಹೋಗುತ್ತೆ, ಆದ್ರೆ ಸಿಲಿಕಾನ್ ಅಂಥಾದ್ದನ್ನ ಹಿಡ್ಕೊಂಡು ಆಮೇಲೆ ನೀರಿಗೆ ಬಿಡಬಹುದು. ಮೂಲೆಗೆ ಮೂಗು ಇಟ್ಟು ನೋಡಿ, ಸೀಮೆಎಣ್ಣೆನೋ ಔಷಧಿನೋ ವಾಸನೆ ಬಂದ್ರೆ ಬಿಟ್ಟಿ ಕೊಟ್ರೂ ತರ್ಬೇಡಿ. ಮುಂಚೆ ಮೀನಿನ ಕಾಯಿಲೆಗೆ ತಾಮ್ರ ಇರೋ ಔಷಧಿ ಹಾಕಿದ್ರಾ ಅಂತಲೂ ಕೇಳಿ, ಮೀನಿಗಿಂತ ಸೀಗಡಿ ಬಸವನಹುಳುಗಳಿಗೆ ಅದರ ಸ್ವಲ್ಪ ಉಳಿಕೆನೂ ವಿಷ.

ಈಗ ಸೊಳ್ಳೆ ವಿಷಯ, ಇದು ಬರೀ ಕೊಳ್ಳೋರಿಗಲ್ಲ ಊರಿಗೇ ಸಂಬಂಧಪಟ್ಟಿದ್ದು. ಹೊರಗಿಟ್ಟ ಟ್ಯಾಂಕ್‌ನಲ್ಲಿ ಒಂದು ಜೋರು ಮಳೆ ಬಂದ್ರೂ ನೀರು ನಿಲ್ಲುತ್ತೆ, ಎಂಟು ಹತ್ತು ದಿನ ಸಾಕು ಮೊಟ್ಟೆ ಹೋಗಿ ಹಾರೋ ಸೊಳ್ಳೆ ಆಗೋಕೆ. ಡೆಂಗಿ ಹರಡೋ ಈಡಿಸ್ ಸೊಳ್ಳೆಗೆ ಚರಂಡಿಗಿಂತ ಇಂಥಾ ನಿಂತ ತಿಳಿ ನೀರೇ ಇಷ್ಟ. ಅದು ಮೊಟ್ಟೆ ಇಡೋದು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಗೋಡೆಗೆ ಅಂಟಿಸಿ. ನೀರು ಚೆಲ್ಲಿ ಒಣಗಿಸಿದ್ರೂ ಆ ಮೊಟ್ಟೆ ತಿಂಗಳುಗಟ್ಲೆ ಹಾಗೇ ಬದುಕಿರುತ್ತೆ, ಮತ್ತೆ ನೀರು ಮುಟ್ಟಿದ ಮೇಲೆ ಮರಿ ಆಗುತ್ತೆ. ಅಂದ್ರೆ ಒಣಗಿದ ಟ್ಯಾಂಕ್ ತಂದು ಮನೆಯೊಳಗೆ ನೀರು ತುಂಬಿಸಿದ್ರೆ ಸೊಳ್ಳೆನ ನಾವೇ ಕರ್ಕೊಂಡು ಬಂದಂಗೆ. 2024ರಲ್ಲಿ ಡೆಂಗಿನ ರಾಜ್ಯ ಸರ್ಕಾರ ಸಾಂಕ್ರಾಮಿಕ ರೋಗ ಅಂತ ಘೋಷಣೆ ಮಾಡ್ಬೇಕಾಗಿ ಬಂತು, ಆಶಾ ಕಾರ್ಯಕರ್ತೆಯರು ಮನೆ ಮನೆಗೂ ಬಂದು ಡ್ರಮ್ಮು ಟೈರು ಎಳನೀರು ಚಿಪ್ಪು ಎಲ್ಲಾ ನೋಡ್ತಾರೆ, ತಾರಸಿ ಮೇಲಿನ ಟ್ಯಾಂಕ್ ಅವರ ಕಣ್ಣಿಗೆ ಬೀಳೋದು ಕಷ್ಟ. ತಂದ ತಕ್ಷಣ ಒಳಗಿನ ನಾಲ್ಕೂ ಗೋಡೆನ ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಸಿಲಿಕಾನ್ ಪಟ್ಟಿ ಮಾತ್ರ ಸ್ಪಾಂಜ್‌ನಲ್ಲಿ ಒರೆಸಿ. ಒಳಗಿದ್ದ ನೀರನ್ನ ಚರಂಡಿಗೆ ಸುರೀಬೇಡಿ, ಬಿಸಿಲು ಬೀಳೋ ಒಣ ಮಣ್ಣಿಗೆ ಸುರಿದ್ರೆ ಹುಳ ಅಲ್ಲೇ ಸಾಯುತ್ತೆ. ಮಾರೋತನಕ ಹೊರಗಡೆ ಇಡಲೇಬೇಕು ಅನ್ನೋರು ಮೇಲೆ ಶೀಟ್ ಮುಚ್ಚಿ ಕಟ್ಟಿ ಇಡಿ, ಸಮ ನೆಲದಲ್ಲಿ, ಕೆಳಗೆ ಥರ್ಮೋಕೋಲ್ ಹಾಕಿ.

ಈ ನೀರು ನಿಂತಿರೋದ್ರಿಂದ ನಂಗೊಂದು ಉಪಕಾರನೂ ಆಯ್ತು. ಮೊದಲನೇ ಟ್ಯಾಂಕ್ ಹೋದ್ಮೇಲೆ ಮಗಳು ಐದು ಮೀನನ್ನ ಪ್ಲಾಸ್ಟಿಕ್ ಟಬ್‌ನಲ್ಲಿ ಇಟ್ಕೊಂಡು ದಿನಾ ಕೇಳೋಳು. ಶ್ರೀರಂಗಪಟ್ಟಣದ ಹತ್ರ ಪರಿಚಯದವರ ತೋಟದಲ್ಲಿ ಹೊಂಗೆ ಮರದ ಕೆಳಗೆ ಒಂದು ಟ್ಯಾಂಕ್ ಬಿದ್ದಿದೆ ಅಂತ ಗೊತ್ತಾಯ್ತು, ಎರಡು ಮಳೆಗಾಲ ಕಂಡಿದ್ದು. ನೋಡೋಕೆ ಹೊಟ್ಟೆ ತೊಳೆಸೋ ಹಾಗಿತ್ತು, ಎಲೆ ಕೊಳೆತು, ಗಾಜೆಲ್ಲಾ ಕಂದು ಬಣ್ಣ, ಹಕ್ಕಿ ಹಿಕ್ಕೆ, ತಳದಲ್ಲಿ ನಾಲ್ಕೈದು ಇಂಚು ಕಪ್ಪು ನೀರು ತುಂಬಾ ಸೊಳ್ಳೆ ಹುಳ. ಕೋಲಲ್ಲಿ ಎಲೆ ಸರಿಸಿ ನೋಡಿ ಅಂದ್ರು ಅವರು, ಹಾವಿರುತ್ತೆ ಅಂತ. ಹಾವಿರ್ಲಿಲ್ಲ, ಒಂದು ಚೇಳಿತ್ತು, ದಯವಿಟ್ಟು ಯಾರೂ ಸೀದಾ ಕೈ ಹಾಕ್ಬೇಡಿ. ಆದ್ರೆ ಆ ನೀರು ನೋಡಿದ್ರೆ ಹದಿನೈದು ದಿನದ ಹಿಂದಿನ ಮಳೆದು, ಕೆಳಗಡೆ ಮಣ್ಣು ಧೂಳೇಳೋ ಅಷ್ಟು ಒಣಗಿತ್ತು. ತಳದ ಜಾಯಿಂಟ್ ಅಷ್ಟು ಮಟ್ಟಿಗೆ ಹಿಡಿದಿದೆ ಅಂತ ಆಯ್ತು. ನಾಲ್ಕಿಂಚಿಗೆ ಹಿಡಿದಿದ್ದು ಹದಿನೆಂಟು ಇಂಚಿಗೂ ಹಿಡಿಯುತ್ತೆ ಅಂತಲ್ಲ, ಆದ್ರೂ ಮುಂದೆ ನೋಡೋಕೆ ಧೈರ್ಯ ಬಂತು.

ಅಲ್ಲೇ ಪಂಪ್‌ಸೆಟ್ ನೀರಲ್ಲಿ ತೊಳೆದು ಮೂಲೆ ನೋಡಿದೆ, ಹಸಿರು ಗೆರೆ ಇಲ್ಲ, ಒತ್ತಿದ್ರೆ ರಬ್ಬರ್ ರಬ್ಬರ್. ಐನೂರು ರೂಪಾಯಿ ಅಡ್ವಾನ್ಸ್ ಕೊಟ್ಟು, ನೀರು ಪರೀಕ್ಷೆ ಆದ್ಮೇಲೆ ಬಾಕಿ ಕೊಡ್ತೀನಿ ಅಂದೆ, ಅವರೂ ಒಪ್ಪಿದ್ರು. ಪರೀಕ್ಷೆ ಮಾಡಿದ್ದು ಹೀಗೆ. ಸಾಯಂಕಾಲ ಗಾಜು ತಣ್ಣಗಾದ್ಮೇಲೆ ಶುರು ಮಾಡಿದ್ವಿ, ಮಧ್ಯಾಹ್ನ ಕಾದಿರೋ ಗಾಜಿಗೆ ತಣ್ಣೀರು ಹಾಕಿದ್ರೆ ಬಿರುಕು ಬಿಡಬಹುದು ಅಂತ. ಸಮ ಮಾಡಿದ ಜಾಗ, ರಸಮಟ್ಟ ಇಟ್ಟು ನೋಡಿ, ಕೆಳಗೆ ಥರ್ಮೋಕೋಲ್ ಶೀಟ್, ಅದರ ಸುತ್ತ ಒಣ ನ್ಯೂಸ್ ಪೇಪರ್. ಮೊದಲು ಕಾಲು ಭಾಗ ತುಂಬಿ ಒಂದು ಗಂಟೆ, ಆಮೇಲೆ ಅರ್ಧ, ಆಮೇಲೆ ಬಾಯಿಗೆ ಎರಡಿಂಚು ಬಿಟ್ಟು ಪೂರ್ತಿ. ನೀರಿನ ಮಟ್ಟಕ್ಕೆ ಹೊರಗಿನಿಂದ ಸ್ಕೆಚ್ ಪೆನ್‌ನಲ್ಲಿ ಗೆರೆ. ಮೇಲೆ ಶೀಟ್ ಮುಚ್ಚಿ ಎರಡು ದಿನ ಬಿಟ್ವಿ. ಪೇಪರ್ ಒದ್ದೆ ಆಗ್ಲಿಲ್ಲ, ಗೆರೆಯಿಂದ ನೀರು ಇಳೀಲಿಲ್ಲ, ಜಾಯಿಂಟ್ ಉದ್ದಕ್ಕೂ ಟಿಶ್ಯೂ ಪೇಪರ್ ಒತ್ತಿ ಎಳೆದ್ರೂ ಒಂದು ಚುಕ್ಕೆ ಹಸಿ ಇಲ್ಲ. ಆಮೇಲೆ ಬಾಕಿ ದುಡ್ಡು ಕೊಟ್ಟು ನೀರೆಲ್ಲಾ ಖಾಲಿ ಮಾಡಿ ತಂದೆ. ಮನೆಗೆ ತಂದ್ಮೇಲೂ ಹಾಲ್‌ಗೆ ಇಡೋ ಮುಂಚೆ ಹೊರಗಡೆ ಜಗಲಿ ಮೇಲೆ ಇನ್ನೊಂದು ಸಲ ಎರಡು ದಿನ ತುಂಬಿಸಿ ಇಟ್ಟೆ, ಯಾಕಂದ್ರೆ ಸಾಗಿಸೋವಾಗಿನ ಕುಲುಕಾಟಕ್ಕೆ ಹೊಸದಾಗಿ ಬಿಡೋ ಸಾಧ್ಯತೆನೂ ಇರುತ್ತೆ. ಮೈಸೂರಿಂದ ತಂದ ಟ್ಯಾಂಕ್ ಎರಡು ರಾತ್ರಿ ಹಿಡಿದು ಮೂರನೇ ರಾತ್ರಿ ಬಿಟ್ಟಿದ್ದು, ಹಾಗಾಗಿ ಒಂದು ಗಂಟೆ ಎರಡು ಗಂಟೆ ನೋಡಿ ಸಾಕು ಅನ್ಬೇಡಿ, ಮೀನು ಬಿಡೋ ಮುಂಚೆ ಒಂದು ವಾರ ಹೊರಗಡೆ ತುಂಬಿಸಿಟ್ರೂ ತಪ್ಪಿಲ್ಲ.

ಸೋರ್ತಿರೋ ಟ್ಯಾಂಕ್‌ನ 'ಒಂದು ಟ್ಯೂಬ್ ಸಿಲಿಕಾನ್ ಬಳಿದ್ರೆ ಆಯ್ತು' ಅಂತ ಕೊಡ್ತಾರೆ. ಒಣಗಿರೋ ಹಳೇ ಸಿಲಿಕಾನ್ ಮೇಲೆ ಹೊಸದು ಸರಿಯಾಗಿ ಹಿಡಿಯಲ್ಲ. ಒಳಗಿನ ಪಟ್ಟಿ ಪೂರ್ತಿ ಬ್ಲೇಡ್‌ನಲ್ಲಿ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಹೊಸದು ಹಾಕಿ, ಕಮ್ಮಿ ಅಂದ್ರೆ ಎರಡು ದಿನ, ದಪ್ಪ ಇದ್ರೆ ವಾರ ಒಣಗಿಸಬೇಕು. ಹಾರ್ಡ್‌ವೇರ್ ಅಂಗಡೀಲಿ ಬಾತ್ರೂಮಿಗೆ ಅಂತ ಫಂಗಸ್ ಹಿಡೀದ ಸಿಲಿಕಾನ್ ಕೊಡ್ತಾರೆ, ಅದರಲ್ಲಿರೋ ಔಷಧಿ ಮೀನಿಗೆ ಆಗಲ್ಲ, ಅಕ್ವೇರಿಯಂಗೆ ಅಂತಲೇ ಬರ್ದಿರೋದು ಕೇಳಿ ತಗೊಳ್ಳಿ. ನನ್ನ ಮೊದಲನೇ ಟ್ಯಾಂಕ್‌ನ ಆ ಅಣ್ಣ ಪೂರ್ತಿ ಬಿಚ್ಚಿ ಮತ್ತೆ ಕಟ್ಟೋಕ್ಕಿಂತ ಹೊಸದೇ ವಾಸಿ ಅಂದ್ರು, ಗಾಜನ್ನ ಅವರಿಗೇ ಬಿಟ್ಟು ಬಂದೆ.

ಸ್ಟ್ಯಾಂಡ್ ಕೂಡ ಮರೀಬೇಡಿ. ಮಳೇಲಿ ನೆನೆದ ಕಬ್ಬಿಣದ ಸ್ಕ್ವೇರ್ ಪೈಪ್ ಹೊರಗೆ ಪೇಂಟ್ ಚೆನ್ನಾಗಿದ್ರೂ ಒಳಗಿಂದ ತುಕ್ಕು ತಿಂದಿರುತ್ತೆ, ಕಾಲಿನ ಬುಡದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ, ವೆಲ್ಡಿಂಗ್ ಹತ್ರ ತಟ್ಟಿ ನೋಡಿ. ಪಾರ್ಟಿಕಲ್ ಬೋರ್ಡ್ ಸ್ಟ್ಯಾಂಡ್ ನೀರು ಕುಡಿದು ಉಬ್ಬಿದ್ರೆ ಬೆಂಕಿಗೂ ಬೇಡ. ಜೊತೆಗೆ ಕೊಡೋ ಹಳೇ ಪಂಪು ಹೀಟರ್ ಲೈಟುಗಳನ್ನ, ವೈರ್ ಸಿಪ್ಪೆ ಒಡೆದಿದ್ರೆ, ಬಿಟ್ಟಿ ಅಂದ್ರೂ ತರ್ಬೇಡಿ. ಎಕ್ಸ್‌ಟೆನ್ಷನ್ ಬಾಕ್ಸ್ ನೆಲದಿಂದ ಎತ್ತರಕ್ಕೆ ಗೋಡೆಗೆ ಹಾಕಿಸಿ, ವೈರ್‌ನ ಪ್ಲಗ್‌ಗಿಂತ ಕೆಳಗೆ ಜೋತು ಬಿಡಿ, ವೈರ್ ಹಿಡ್ಕೊಂಡು ಬಂದ ನೀರು ಪ್ಲಗ್‌ಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತೆ. ಇಎಲ್‌ಸಿಬಿ ಇಲ್ಲದ ಮನೇಲಿ ಅದನ್ನ ಹಾಕಿಸಿದ ಮೇಲೇ ಟ್ಯಾಂಕ್ ತನ್ನಿ ಅಂತ ಕೈ ಮುಗಿದು ಕೇಳ್ತೀನಿ.

ತೊಳೆಯೋಕೆ ಸೋಪು, ವಿಮ್, ಫಿನಾಯಿಲ್ ಯಾವುದೂ ಬೇಡ. ಕಲ್ಲುಪ್ಪಲ್ಲಿ ಉಜ್ಜಿದ್ರೆ ಗಾಜು ಗೀರಾಗಬಹುದು, ಪುಡಿ ಉಪ್ಪು, ವಿನೆಗರ್ ಸಾಕು. ಬ್ಲೀಚಿಂಗ್ ಹಾಕೋದಾದ್ರೆ ವಿನೆಗರ್ ಪೂರ್ತಿ ತೊಳೆದು ಹೋದ್ಮೇಲೆ ಬೇರೆ ದಿನ ಹಾಕಿ, ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಬಾತ್ರೂಮಿನಂಥಾ ಮುಚ್ಚಿದ ಜಾಗದಲ್ಲಿ ಅದು ಉಸಿರು ಕಟ್ಟಿಸುತ್ತೆ. ಆಮೇಲೆ ನಾಲ್ಕೈದು ಸಲ ಬರೀ ನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ. ಹಳೇ ಟ್ಯಾಂಕ್ ಜೊತೆ ಬಂದ ಒಣಗಿದ ಫಿಲ್ಟರ್ ಸ್ಪಾಂಜಲ್ಲಿ ಮೀನಿಗೆ ಬೇಕಾದ ಒಳ್ಳೇ ಬ್ಯಾಕ್ಟೀರಿಯಾ ಬದುಕಿರಲ್ಲ, ಹೊಸ ಟ್ಯಾಂಕ್ ಅಂದ್ಕೊಂಡೇ ಶುರು ಮಾಡಿ, ಅವು ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು, ಅಲ್ಲೀತನಕ ಮೀನು ಕಮ್ಮಿ ಬಿಡಿ.

ಸಂಪಾದಕರಲ್ಲಿ ನನ್ನ ಮನವಿ ಇಷ್ಟೇ. ಈ ಥರ ಜಾಹೀರಾತು ತಗೊಳ್ಳೋವಾಗ ಮಾರೋರ ಹತ್ರ ಎರಡು ಸಾಲು ಕೇಳಿ ಹಾಕಿಸಿ, ಟ್ಯಾಂಕ್ ಒಳಗಿತ್ತಾ ಹೊರಗಿತ್ತಾ, ಎಷ್ಟು ದಿನ, ಮತ್ತೆ ನೀರು ತುಂಬಿಸಿ ತೋರಿಸ್ತೀರಾ ಅಂತ. ಮಾರೋರಿಗೂ ಅದರಿಂದ ನಷ್ಟ ಇಲ್ಲ, ಹಿಂದಿನ ದಿನ ಪೈಪ್ ಹಾಕಿ ತುಂಬಿಸಿಟ್ರೆ ಬಂದವರು ನೋಡಿ ನಂಬಿಕೆಯಿಂದ ತಗೋತಾರೆ. ತುಂಬಿಸಿ ತೋರಿಸೋಕೆ ಆಗಲ್ಲ ಅಂದ್ರೆ, ಅವರು ಎಷ್ಟೇ ಒಳ್ಳೇವರಾಗಿರ್ಲಿ, ಕಾಫಿ ಕುಡಿದು ನಮಸ್ಕಾರ ಹೇಳಿ ಬಂದ್ಬಿಡಿ.

ಹೊಂಗೆ ಮರದ ಕೆಳಗಿಂದ ತಂದ ಟ್ಯಾಂಕ್ ಈಗ ನಮ್ಮ ಹಾಲ್‌ನಲ್ಲಿದೆ, ಎಂಟು ತಿಂಗಳಾಯ್ತು. ಉಳಿದಿದ್ದ ಐದು ಮೀನಲ್ಲಿ ಗಪ್ಪಿಗಳು ಮರಿ ಹಾಕಿ ಈಗ ಲೆಕ್ಕಕ್ಕೆ ಸಿಗಲ್ಲ. ಹಿಂದಿನ ತಳದ ಮೂಲೆಗೆ ನಿಮ್ಮ ಪೇಪರ್‌ನ ಒಂದು ಹಾಳೆ ಮಡಚಿ ಇಟ್ಟಿದ್ದೀನಿ, ಬೆಳಿಗ್ಗೆ ಎದ್ದ ತಕ್ಷಣ ಅವ್ವ ಅದನ್ನ ಮುಟ್ಟಿ ನೋಡಿಯೇ ಒಲೆ ಹಚ್ಚೋದು.

ಇಂತಿ ನಿಮ್ಮ ಓದುಗ,
ಟೈಲರ್ ಅಂಗಡಿಯವನು, ಮಂಡ್ಯ